ಖೋ-ಖೋ ಅಂಕಣಕ್ಕೆ ಎತ್ತಿದ ಚೀಟಿ

ನಾನು ಹಿಡಿದಿದ್ದ ಅಳತೆ ಟೇಪಿನ ಮೇಲಿಂದ ಒಬ್ಬ ಹುಡುಗಿ ಹಾರಿ ಓಡಿದಳು. ಅವಳ ಹಿಂದೆಯೇ ಇನ್ನೊಬ್ಬಳು ಹಾರಿದಳು. ಮೂರನೆಯವಳು ಹಾರುವ ಗೋಜಿಗೆ ಹೋಗದೆ ಟೇಪನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದುಕೊಂಡೇ ಹೋದಳು. ಆ ತುದಿಯಲ್ಲಿ ಟೇಪು ಹಿಡಿದು ನಿಂತಿದ್ದವರು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಮುಗ್ಗರಿಸಿ ಸಾವರಿಸಿಕೊಂಡು, “ಏ ಹುಡುಗೇರಾ, ಒಂದರ್ಧ ತಾಸು ನಿಲ್ಸ್ರವ್ವಾ, ಅಳತಿ ನಡದೈತಿ” ಎಂದರು. ಆಟ ನಿಲ್ಲಲಿಲ್ಲ. ನಾನು ಮನಸ್ಸಿನಲ್ಲೇ ಹುಡುಗಿಯರ ಪಕ್ಷ ಸೇರಿಬಿಟ್ಟೆ.

ಶಿಕಾರಿಪುರದ ಆ ಬಡಾವಣೆಯ ಕೆಲವು ಮನೆಗಳ ನಕ್ಷೆ ನನ್ನದೇ. ಹಾಗಾಗಿ ಪಾರ್ಕನ್ನು ಹೊಸದಾಗಿ ಮಾಡಬೇಕೆಂದು ಸಂಘದವರು ತೀರ್ಮಾನಿಸಿ, ಬೇಕಾದ ಅನುಮತಿಯನ್ನೂ ತಂದಿಟ್ಟುಕೊಂಡು, ಸೊರಬದಲ್ಲಿರುವ ನನಗೆ ಫೋನ್ ಮಾಡಿದ್ದರು. ಪಾರ್ಕು ಎಂಬುದು ಹೆಸರಿಗಷ್ಟೇ. ಉತ್ತರದ ಅಂಚಿಗೆ ದೊಡ್ಡ ಮಳೆಮರಗಳು, ತುಕ್ಕು ಹಿಡಿದ ಜೋಕಾಲಿ, ಮುರುಕು ಕಲ್ಲುಬೆಂಚು, ನಡುವೆ ಆಡಿ ಆಡಿ ಗಟ್ಟಿಯಾದ ಕೆಂಪುಮಣ್ಣಿನ ಬಯಲು. ಆ ಬಯಲಲ್ಲಿ ಹೆಣ್ಣುಮಕ್ಕಳ ಖೋ-ಖೋ, ಅದರ ಬದಿಗೆ ಹುಡುಗರ ವಾಲಿಬಾಲ್. ಅಧ್ಯಕ್ಷರ ಕಣ್ಣಿಗೆ ಇವೆರಡೂ ಬೀಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕಾರಂಜಿ. ದಾವಣಗೆರೆಯಲ್ಲಿ ಎಲ್ಲೋ ನೋಡಿದ ಕಾರಂಜಿಯ ಫೋಟೋವನ್ನು ಅಳತೆ ಮುಗಿಯುವುದರೊಳಗೆ ನನಗೆ ಮತ್ತೆ ಮತ್ತೆ ತೋರಿಸಿದರು.

ಕಾಗದದ ಮೇಲೆ ನಕ್ಷೆ ತೋರಿಸಿ ಹೇಗಿದೆ ಎಂದರೆ ನಮ್ಮ ಜನ ಚೆನ್ನಾಗಿದೆ ಎನ್ನುತ್ತಾರೆ. ಮನೆ ಕಟ್ಟಿ ಮುಗಿದ ಮೇಲೆ ಅಡುಗೆಮನೆ ಇಕ್ಕಟ್ಟಾಯಿತೆಂದು ಜಗಳಕ್ಕೆ ಬರುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತಿದ್ದರಿಂದ ಪಾರ್ಕಿನ ಕೆಲಸಕ್ಕೆ ಬೇರೆ ದಾರಿ ಹಿಡಿದೆ. ಆಡುವ ಮಕ್ಕಳನ್ನು ಒಂದು ಭಾನುವಾರ ಸೇರಿಸಿ, ಅವರ ಕೈಗೆ ಹಗ್ಗ, ಗೂಟ, ಸುಣ್ಣದ ಪುಡಿ ಕೊಟ್ಟು, “ನಿಮಗೆ ಏನೇನು ಬೇಕೋ ನೆಲದ ಮೇಲೇ ಬರೀರಿ, ನಿಜವಾದ ಅಳತೆಯಲ್ಲಿ” ಎಂದೆ. ಖೋ-ಖೋ ತಂಡದ ನಾಯಕಿ ಪಿಯುಸಿ ಓದುವ ಹುಡುಗಿ, ಮಾತು ಕಡಿಮೆ. ಇಪ್ಪತ್ತೇಳು ಮೀಟರ್ ಉದ್ದ, ಹದಿನಾರು ಮೀಟರ್ ಅಗಲ ಎಂದವಳೇ ಹಗ್ಗ ಎಳೆದು ಮೂಲೆ ಮಟ್ಟ ಮಾಡಿಕೊಂಡು, ಪೂರ್ವ ಪಶ್ಚಿಮ ತುದಿಗಳಿಗೆ ಕಂಬ ನಿಲ್ಲಿಸಿದಳು. ವಾಲಿಬಾಲಿನ ಹುಡುಗರು ಬರುವಷ್ಟರಲ್ಲಿ ಬಯಲು ಮುಗಿದೇಹೋಗಿತ್ತು. ದೊಡ್ಡ ಜಗಳವಾಯಿತು. ಕೊನೆಗೆ ಖೋ-ಖೋ ಗೆರೆಗಳ ಒಳಗೇ ವಾಲಿಬಾಲ್ ಅಂಕಣ ಕೂರಿಸಿ, ಬೆಳಿಗ್ಗೆ ಹುಡುಗರು, ಸಂಜೆ ಹುಡುಗಿಯರು ಎಂದಾಯಿತು. ಸಂಜೆಯೇ ಬೇಕೆಂದು ಹುಡುಗಿಯರು ಹಟ ಹಿಡಿದಿದ್ದಕ್ಕೆ ಕಾರಣವಿತ್ತು.

“ಸ್ಟೇಡಿಯಂ ಊರಿನ ಆ ಕಡೆ ಐತಿ ಮೇಡಂ. ಕಾಲೇಜು ಮುಗಿಸಿ ಅಲ್ಲಿಗೆ ಹೋಗಿ ಆಡಿ ಬರೋಷ್ಟರಲ್ಲಿ ಕತ್ತಲಾಗ್ತತಿ. ಮನ್ಯಾಗೆ ಬಿಡಲ್ಲ. ಇಲ್ಲಾದ್ರೆ ಕರೆದ್ರೆ ಕೇಳ್ತತಿ ಅಂತ ಬಿಟ್ಟಾರೆ” ಎಂದಳು ನಾಯಕಿ.

ಅಂದರೆ ಈ ಮಣ್ಣು ಇದ್ದರೆ ಅವರ ತಂಡ ಇದೆ, ಇಲ್ಲದಿದ್ದರೆ ಇಲ್ಲ. ವಾಪಸ್ಸು ಹೋಗುವಾಗ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವ ತನಕ ನನಗೆ ಅದೇ ಯೋಚನೆ. ಒಂದು ಕಡೆ ಕೂರಲಾಗದ ಜಾಯಮಾನ ನನ್ನದು, ಕೆಲಸ ತಲೆಗೆ ಹೊಕ್ಕರಂತೂ ಬಸ್ಸಿನಲ್ಲಿ ಸೀಟಿದ್ದರೂ ಕಂಬಿ ಹಿಡಿದು ನಿಂತಿರುತ್ತೇನೆ.

ನೆಲದ ಏರುತಗ್ಗು ನೋಡಿ, ಮಳೆನೀರು ನಡುವೆ ನಿಲ್ಲದೆ ಎರಡೂ ಬದಿಗೆ ಇಳಿಯುವಂತೆ ವಾಟ ಕೊಟ್ಟು, ಸುತ್ತಲೂ ವಾಕಿಂಗ್ ದಾರಿ ಬರೆದೆ. ಕಾರಂಜಿ ಆಗ್ನೇಯ ಮೂಲೆಗೆ ಸರಿಯಿತು. ಉಳಿದದ್ದು ಒಂದೇ ಪ್ರಶ್ನೆ. ಅಂಕಣಕ್ಕೆ ಮಣ್ಣೋ, ಕಾಂಕ್ರೀಟೋ? ಇದಕ್ಕಾಗಿ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತು. ಖೋ-ಖೋ ಹುಡುಗಿಯರು ಸೊರಬದಲ್ಲಿ ಪಂದ್ಯವಿದೆಯೆಂದು ಹೊರಟುಹೋಗಿದ್ದರು. ಮಳೆಗಾಲದ ಕೆಸರು ತಪ್ಪುತ್ತದೆ, ಕಾಂಕ್ರೀಟ್ ಹಾಕಿಸಿ ಎಂದರು ವಾಲಿಬಾಲ್ ಹುಡುಗರು. ಅಷ್ಟರಲ್ಲಿ ಪಡಸಾಲೆಯಲ್ಲಿದ್ದ ಎಲ್ಲ ಕೈಗಳೂ ಮೇಲೆದ್ದವು. ಪಾರ್ಕಿನ ಗೇಟಿನ ಬಣ್ಣಕ್ಕೆ ಒಂದು ಸಂಜೆಯಿಡೀ ಕಿತ್ತಾಡಿದ ಜನ ಇವರು. ಆಟವನ್ನು ತಿರುಗಿಯೂ ನೋಡದ ಹೆಂಗಸರು, ವಯಸ್ಸಾದವರು, ಗೊಬ್ಬರದ ಅಂಗಡಿಯವರು, ಎಲ್ಲರೂ ಒಂದೇ ದನಿಯಲ್ಲಿ ಕಾಂಕ್ರೀಟ್ ಎಂದರು. ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿದ್ದೇ ನನಗೆ ಕಸಿವಿಸಿಯಾಯಿತು.

ಮಾರನೆಯ ದಿನ ಸೊರಬದಲ್ಲಿ ಹುಡುಗಿಯರ ಪಂದ್ಯ ನೋಡಲು ಹೋದೆ. ಪಂದ್ಯ ಅವರೇ ಗೆದ್ದಿದ್ದರು. ಒಳ್ಳೆಯ ಮನಸ್ಥಿತಿಯಲ್ಲಿರುವಾಗಲೇ ವಿಷಯ ಹೇಳಿಬಿಡೋಣವೆಂದು ನಾಯಕಿಯನ್ನು ಕರೆದು, ಅಂಕಣಕ್ಕೆ ಕಾಂಕ್ರೀಟ್ ಎಂದು ತೀರ್ಮಾನವಾಗಿದೆ ಎಂದೆ. ಅವಳು ನೀರಿನ ಬಾಟಲಿಯನ್ನು ಪಕ್ಕಕ್ಕಿಟ್ಟಳು. ಮೊಣಕೈ ತಿರುಗಿಸಿ ತೋರಿಸಿದಳು. ಮೈಯೆಲ್ಲ ಕೆಂಪುಮಣ್ಣು, ಮೊಣಕೈಯಲ್ಲಿ ಒಂದು ತರಚು ಗಾಯ.

“ಇದು ಮಣ್ಣಿನ ಮ್ಯಾಲೆ ಬಿದ್ದಿದ್ದು ಮೇಡಂ. ಖೋ-ಖೋದಲ್ಲಿ ಡೈವ್ ಹೊಡೀದೆ ಯಾರೂ ಸಿಗಲ್ಲ. ಬೀಳಾಕೆ ಹೆದರಿಕೊಂಡ್ರೆ ಆಟನೇ ಇಲ್ಲ. ಕಾಂಕ್ರೀಟ್ ಮ್ಯಾಲೆ ಬಿದ್ರೆ ಮೂಳೆ ಉಳೀತಾವಾ?”

“ಹಂಗಂತ ಮನೆಯಲ್ಲಿ ಹೇಳು.”

“ಸುದ್ದಿ ಗೊತ್ತಾಗಿ ನಿನ್ನೆ ರಾತ್ರೀನೇ ಫೋನ್ ಮಾಡಿ ಹೇಳೀನಿ. ಕಾಂಕ್ರೀಟಿಗೆ ಮೊದ್ಲು ಕೈ ಎತ್ತಿದ್ದೇ ನಮ್ಮಜ್ಜಿ ಅಂತೆ.”

ನನಗೆ ಸಿಟ್ಟು ಬಂತು. ಅಧ್ಯಕ್ಷರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಜನ ಕೇಳಿದ್ದಾರೆ, ನಾನೊಬ್ಬ ಏನು ಮಾಡಲಿ ಎಂದರು. ಆ ವಾರ ಬಡಾವಣೆಯ ಮನೆಮನೆಗೆ ಹೋಗಿ ಕೇಳಿದೆ. ಕಾಂಕ್ರೀಟ್ ಚಂದ ಕಾಣುತ್ತದೆ ಎಂದರು ಒಬ್ಬರು. ಧೂಳು ಬರುವುದಿಲ್ಲ ಎಂದರು ಇನ್ನೊಬ್ಬರು. ಮತ್ತೊಂದು ಮನೆಯಲ್ಲಿ ಟೀ ಕೊಟ್ಟು ಮಾತನ್ನೇ ಬದಲಿಸಿದರು. ಮಕ್ಕಳ ಕೈಕಾಲಿಗಿಂತ ಚಂದ ಕಾಣುವುದು ಮುಖ್ಯವಾಯಿತೇ ಎಂದು ಹಲ್ಲು ಕಚ್ಚಿಕೊಂಡು ಸೊರಬಕ್ಕೆ ಮರಳಿದೆ. ಟೇಬಲ್ಲಿನ ಮೇಲೆ ನಕ್ಷೆ ಹರಡಿಕೊಂಡು ಕೂತರೆ ಕೂರಲಾಗದು, ಎದ್ದರೆ ಹೋಗುವುದೆಲ್ಲಿಗೆಂದು ಗೊತ್ತಾಗದು. ಗುತ್ತಿಗೆದಾರ ಬೇರೆ, ಸಿಮೆಂಟ್ ಯಾವಾಗ ತರಿಸಲಿ ಎಂದು ದಿನವೂ ಕೇಳುತ್ತಿದ್ದ.

ಕಾರಣ ತಿಳಿದದ್ದು ಒಂದು ಮಧ್ಯಾಹ್ನ. ಹೇಳದೆ ಕೇಳದೆ ಹೋಗಿದ್ದೆ. ಮಳೆ ಮುಗಿದು ಮೆಕ್ಕೆಜೋಳದ ಕೊಯ್ಲು ಶುರುವಾಗಿತ್ತು. ಪಾರ್ಕಿನ ಸುತ್ತಲಿನ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ. ಅರ್ಧ ಅಗಲಕ್ಕೆ ಹಳದಿ ಜೋಳ ಹರವಿ, ವಾಹನಗಳು ಹತ್ತದಂತೆ ಅಂಚಿಗೆ ಕಲ್ಲು ಇಟ್ಟಿದ್ದರು. ಬಡಾವಣೆಯಲ್ಲಿ ಮನೆ ಕಟ್ಟಿದವರಿಗೆಲ್ಲ ಊರಾಚೆ ಹೊಲವಿದೆ ಎಂಬುದು ನನಗೆ ಗೊತ್ತಿತ್ತು, ಆ ಹೊಲದ ಜೋಳ ಇಲ್ಲಿಗೆ ಬಂದು ಒಣಗುತ್ತದೆ ಎಂಬುದು ಹೊಳೆದಿರಲಿಲ್ಲ. ನಾನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆಯವಳು. ನಮ್ಮಲ್ಲಿ ಒಣಗಿಸುವುದೆಂದರೆ ಅಡಿಕೆ, ಅದಕ್ಕೆ ಮನೆ ಮುಂದೆ ಅಟ್ಟ ಕಟ್ಟುತ್ತಾರೆ. ಒಬ್ಬ ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಜೋಳದ ನಡುವೆ ಕಾಲೆಳೆಯುತ್ತ, ಕೆಳಗಿನದನ್ನು ಮೇಲೆ ಮಾಡುತ್ತ ನಡೆಯುತ್ತಿದ್ದರು. ಸಭೆಯಲ್ಲಿ ಮೊದಲು ಕೈ ಎತ್ತಿದ್ದ ನಾಯಕಿಯ ಅಜ್ಜಿ ಅವರೇ.

“ಪಾರ್ಕಿನ ಇಂಜಿನಿಯರಮ್ಮ ಅಲ್ಲೇನು ನೀನು? ಲಗೂನ ಸಿಮೆಂಟ್ ಹಾಕಿಸು ತಂಗಿ. ಈ ರೋಡಲ್ಲಿ ಹರವಿ ಹರವಿ ಸಾಕಾಗೇತಿ. ಹೋದ ವರ್ಷ ಪಕ್ಕದ ಮನಿ ಹುಡುಗ ಇದರ ಮ್ಯಾಲೆ ಬೈಕ್ ಜಾರಿ ಬಿದ್ದು ಕೈ ಮುರ್ಕೊಂಡ. ಅವನ ಅವ್ವ ಇವತ್ತಿಗೂ ನಮ್ಮ ಜೊತೆ ಮಾತಾಡಲ್ಲ.”

“ಸಿಮೆಂಟ್ ಆಟಕ್ಕಲ್ವಾ ಅಜ್ಜಿ?”

“ಆಟ ಸಂಜಿಮುಂದೆ. ಹಗಲೆಲ್ಲ ಬಿಸಿಲು ಸುಮ್ನೆ ಹಾಳಾಗ್ತತಿ. ನಮಿಗೆ ಪಡುವಣ ಕಂಬದ ಹತ್ರದ ಪಟ್ಟಿ ಬಂದೈತಿ. ಚಲೋ ಜಾಗ.”

“ಬಂದೈತಿ ಅಂದ್ರೆ?”

“ಚೀಟಿ ಎತ್ತಿದ್ವಲ್ಲ” ಎಂದರು ಅಜ್ಜಿ, ಇದೂ ಗೊತ್ತಿಲ್ಲವೇ ಎಂಬಂತೆ.

ಇನ್ನೂ ಕಟ್ಟಿರದ ಅಂಕಣವನ್ನು ಅವರು ಆಗಲೇ ಪಟ್ಟಿ ಪಟ್ಟಿಯಾಗಿ ಸೀಳಿ ಹಂಚಿಕೊಂಡಿದ್ದರು. ಅಧ್ಯಕ್ಷರ ಮನೆಯಲ್ಲಿ ಡಬ್ಬಿಯೊಂದಕ್ಕೆ ಚೀಟಿ ಹಾಕಿ, ಮನೆಗೊಬ್ಬರಂತೆ ಎತ್ತಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಅವಮಾನವೂ ಆಯಿತು. ಆದರೆ ಅಜ್ಜಿಯ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಜೋಳ ಹಸಿ ಇದ್ದರೆ ಕೊಳ್ಳುವವನು ಮೂಗು ಮುರಿಯುತ್ತಾನೆ. ರಸ್ತೆಯಲ್ಲಿ ಒಣಗಿಸಿದರೆ ಯಾರದೋ ಕೈ ಮುರಿಯುತ್ತದೆ. ಅವರಿಗೂ ಜಾಗ ಬೇಕಿತ್ತು.

ಆಮೇಲಿನ ದಿನಗಳಲ್ಲಿ ನಕ್ಷೆಯನ್ನು ಎಷ್ಟು ಸಲ ಅಳಿಸಿ ಬರೆದೆನೋ. ಅಂಕಣದ ಅರ್ಧ ಮಣ್ಣು, ಅರ್ಧ ಕಾಂಕ್ರೀಟ್ ಎಂದು ನೋಡಿದೆ. ಖೋ-ಖೋಗೆ ಎರಡೂ ಕಂಬಗಳ ನಡುವಿನ ಉದ್ದ ಪೂರ್ತಿ ಬೇಕು, ಅರ್ಧದಲ್ಲಿ ಯಾರೂ ಓಡಲಾರರು. ಅಂಕಣ ಸರಿಸಲು ಹೋದರೆ ಮರಗಳು ಅಡ್ಡ. ಕಡೆಗೆ ಕಣ್ಣು ಹೋದದ್ದು ವಾಕಿಂಗ್ ದಾರಿಯ ಮೇಲೆ. ನಡೆಯುವವರು ಬರುವುದು ಬೆಳಿಗ್ಗೆ ಮತ್ತು ಸಂಜೆ. ಜೋಳ ಹರವುವುದು ಬಿಸಿಲೇರಿದ ಮೇಲೆ, ಗುಡ್ಡೆ ಮಾಡಿ ತಾಡಪಾಲು ಮುಚ್ಚುವುದು ಹೊತ್ತಿಳಿಯುವ ಮುಂಚೆ. ಇಬ್ಬರೂ ಒಬ್ಬರಿಗೊಬ್ಬರು ಎದುರಾಗುವುದೇ ಇಲ್ಲ. ದಾರಿಯನ್ನು ಅಗಲ ಮಾಡಿ ಕಾಂಕ್ರೀಟನ್ನು ಅದಕ್ಕೇ ಹಾಕಿ, ಅಲ್ಲಲ್ಲಿ ಗುಡ್ಡೆ ಹಾಕಲು ಬದಿಗೆ ಜಾಗ ಬಿಟ್ಟರೆ ಅಂಕಣಕ್ಕಿಂತ ಹೆಚ್ಚು ಜೋಳ ಹಿಡಿಸುತ್ತದೆ.

ಖುಷಿಯಿಂದ ಶಿಕಾರಿಪುರಕ್ಕೆ ಓಡಿದೆ. ಅಲ್ಲಿ ನಿಂತು ನೋಡಿದರೆ ಉತ್ತರದ ದಾರಿಯಿಡೀ ಮಳೆಮರಗಳ ನೆರಳು. ನೆರಳಲ್ಲಿ ಜೋಳ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಉಳಿದ ಮೂರು ಬದಿಯಲ್ಲೇ ಎಲ್ಲ ಮನೆಗಳನ್ನೂ ಕೂರಿಸಬೇಕು. ದಕ್ಷಿಣದಲ್ಲಿ ದಾರಿಯನ್ನು ಇನ್ನಷ್ಟು ಹಿಗ್ಗಿಸಿದೆ. ಆದರೂ ಒಂದು ಮನೆಯ ಪಟ್ಟಿ ಹೊರಗೆ ಉಳಿಯಿತು. ಅದನ್ನು ಕೂರಿಸಬಹುದಾದ ಒಂದೇ ಜಾಗದಲ್ಲಿ, ಆಗ್ನೇಯ ಮೂಲೆಯಲ್ಲಿ, ಕಾರಂಜಿ ಇತ್ತು.

ಅಧ್ಯಕ್ಷರು ಹೊಸ ನಕ್ಷೆಯನ್ನು ಕೈಯಲ್ಲಿ ಹಿಡಿಯಲೂ ಇಲ್ಲ. “ಪಾರ್ಕು ಪಾರ್ಕಿನಂಗೆ ಇರಬೇಕ್ರೀ ಮೇಡಂ, ಕಣ ಮಾಡಾಕೆ ಹೊಂಟೀರೇನು?” ಎಂದರು. ಅವರ ಮನೆ ಮುಂದೆಯೇ ಜೋಳ ಹರವಿತ್ತು. ನಾನು ಅದರ ಕಡೆ ನೋಡಿದೆ. ಅವರೂ ನೋಡಿದರು. ಆಮೇಲೆ ದನಿ ತಗ್ಗಿಸಿ, “ಚೀಟಿ ಎತ್ತಿ ಆಗೇತಿ. ನಾಲೆ ನೀರಿನ ಪಾಳಿಯಿಂದ ಗಣಪತಿ ಪೂಜೆಯ ಪಾಳಿ ತನಕ ನಮ್ಮಲ್ಲಿ ಎಲ್ಲ ಚೀಟಿ ಮ್ಯಾಲೆ ನಡೀತತಿ. ಎತ್ತಿದ ಮೇಲೆ ತಿರುಗಿ ಮಾತಾಡಿದ್ರೆ ನಾಳೆ ಮುಖ ಮುಖ ನೋಡೋದು ಹೆಂಗ್ರೀ?” ಎಂದರು. ಮುಂದಿನ ವಾರ ಗುತ್ತಿಗೆದಾರ ಕೆಲಸ ಶುರು ಮಾಡುವವನಿದ್ದ.

ಇವರೊಂದಿಗೆ ವಾದ ಮಾಡಿ ಉಪಯೋಗವಿಲ್ಲ ಎಂದು ಬಸ್ ಸ್ಟ್ಯಾಂಡಿಗೆ ಬಂದೆ. ಸೊರಬದ ಕಡೆಯ ಬಸ್ಸು ಎದುರಿಗೇ ನಿಂತಿತ್ತು, ಹತ್ತಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ತಿರುಗುತ್ತ ಒಂದು ನಿರ್ಧಾರಕ್ಕೆ ಬಂದೆ. ಚೀಟಿ ಮುರಿಯಿರಿ ಎಂದು ಯಾರನ್ನೂ ಕೇಳುವುದಿಲ್ಲ. ಅವರು ಎತ್ತಿದ ಪಟ್ಟಿಗಳನ್ನೇ ನೆಲದ ಮೇಲೆ ಸುಣ್ಣದಲ್ಲಿ ಎಳೆಯುತ್ತೇನೆ, ಪಕ್ಕದಲ್ಲೇ ದಾರಿಯ ಪಟ್ಟಿಗಳನ್ನೂ ಎಳೆಯುತ್ತೇನೆ. ಸಭೆ ಪಡಸಾಲೆಯಲ್ಲಿ ಬೇಡ, ಅಂಕಣದಲ್ಲೇ ಆಗಲಿ, ಹುಡುಗಿಯರು ಆಡುವ ಹೊತ್ತಿನಲ್ಲೇ ಆಗಲಿ. ಕೆಲಸ ಕೈತಪ್ಪಿದರೆ ತಪ್ಪಲಿ ಎಂದುಕೊಂಡು ಅಧ್ಯಕ್ಷರಿಗೆ ಫೋನ್ ಮಾಡಿ, ಕೆಲಸ ಶುರುವಾಗುವ ಮುಂಚೆ ಪಟ್ಟಿಗಳ ಗುರುತು ಹಾಕಿಕೊಡುತ್ತೇನೆ, ಎಲ್ಲರೂ ಬಂದು ತಮ್ಮ ತಮ್ಮದರಲ್ಲಿ ನಿಲ್ಲಲಿ ಎಂದೆ. ಅವರಿಗೆ ಸಂತೋಷವೇ ಆಯಿತು.

ಭಾನುವಾರ ಸಂಜೆ ಬಡಾವಣೆಯ ಜನ ಬಂದು ಸುಣ್ಣದ ಗೆರೆಗಳ ನಡುವೆ ಮನೆಮನೆಯಾಗಿ ನಿಂತರು. ಖೋ-ಖೋ ಗೆರೆಗಳು ಅವರ ಕಾಲ ಕೆಳಗೆ ಮಸುಕಾಗಿ ಕಾಣುತ್ತಿದ್ದವು. ಆಡಲು ಬಂದ ಹುಡುಗಿಯರಿಗೆ ನಿಲ್ಲಲು ಜಾಗವಿರಲಿಲ್ಲ. ಅವರು ಕಂಬದ ಹತ್ತಿರ ಗುಂಪಾಗಿ ನಿಂತು ನೋಡುತ್ತಿದ್ದರು. ಏನಾದರೂ ಆಗುತ್ತದೆ ಎಂದು ಇವರನ್ನೆಲ್ಲ ಕರೆದಿದ್ದೆ, ಏನಾಗಬೇಕು ಎಂಬುದು ನನಗೇ ಗೊತ್ತಿರಲಿಲ್ಲ.

ನಾಯಕಿ ನಡೆದು ಬಂದು ತನ್ನ ಅಜ್ಜಿ ನಿಂತಿದ್ದ ಪಟ್ಟಿಯೊಳಗೆ ನಿಂತಳು.

“ಅಜ್ಜಿ, ಇದು ನಮ್ಮನಿಗೆ ಬಂದಿದ್ದು ಹೌದಲ್ಲ?”

“ಹೌದಲೇ.”

“ಹಂಗಾರೆ ಇದ್ರಲ್ಲಿ ನಂದೂ ಪಾಲೈತಿ. ನನ್ನ ಪಾಲಿಗೆ ಸಿಮೆಂಟ್ ಬ್ಯಾಡ. ಮಣ್ಣೇ ಇರಲಿ.”

ಹೇಳಿ, ಕಾಲಿನ ಹೆಬ್ಬೆರಳಿನಿಂದ ಪಟ್ಟಿಯ ನಡುವೆ ಒಂದು ಗೆರೆ ಎಳೆದಳು. ಗುಂಪಿನಿಂದ ಇನ್ನೊಬ್ಬಳು ಬಂದು ತಮ್ಮ ಮನೆಯ ಪಟ್ಟಿಯಲ್ಲಿ ನಿಂತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಗೆರೆಗಳು ಅಲ್ಲೊಂದು ಇಲ್ಲೊಂದು ಬಿದ್ದು ಅಂಕಣ ಇಲಿ ಕಚ್ಚಿದ ರೊಟ್ಟಿಯಂತಾಯಿತು. ಗುತ್ತಿಗೆದಾರ ನನ್ನ ಕಿವಿಯ ಹತ್ತಿರ, “ಹಿಂಗೆ ತುಂಡು ತುಂಡು ಕಾಂಕ್ರೀಟ್ ಹಾಕಾಕಾಗಲ್ಲ ಮೇಡಂ” ಎಂದ. ಯಾರೋ ಒಬ್ಬರು ಜೋರಾಗಿ ನಕ್ಕು, “ಹೆಣ್ಮಕ್ಕಳೂ ಪಾಲು ಕೇಳಾಕೆ ಶುರು ಮಾಡಿದ್ರಪ್ಪ” ಎಂದರು. ಕೆಲವರು ಅವರ ಜೊತೆ ನಕ್ಕರು.

ಅಜ್ಜಿ ನಗಲಿಲ್ಲ. “ನಗಬ್ಯಾಡ್ರಿ” ಎಂದರು. “ನಮ್ಮ ಕಾಲದಾಗೆ ಕೇಳಾಕೆ ನಮಗೆ ಬಾಯಿ ಬರಲಿಲ್ಲ. ಇವಳು ಕೇಳ್ಯಾಳೆ. ಚೀಟಿ ಮನಿಗೆ ಬಂದಿದ್ದು, ಮನ್ಯಾಗೆ ಇವಳೂ ಅದಾಳೆ.” ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ಆ ದಾರಿ ಮ್ಯಾಲೆ ಗೆರಿ ಹಾಕೀಯಲ್ಲ, ಅಲ್ಲಿ ನಮ್ಮ ಜೋಳ ಹಿಡಿಸ್ತತೇನು?” ಎಂದು ಕೇಳಿದರು.

“ಹಿಡಿಸುತ್ತೆ ಅಜ್ಜಿ. ಇದಕ್ಕಿಂತ ಜಾಸ್ತಿನೇ ಹಿಡಿಸುತ್ತೆ. ಪಡುವಣದ ಪಟ್ಟಿ ಪಡುವಣದಲ್ಲೇ ಇಟ್ಟಿದ್ದೀನಿ, ಚೀಟಿಯ ಸರದಿ ತಪ್ಪಿಸಿಲ್ಲ.”

ಅಜ್ಜಿ ಸೆರಗು ಬಿಗಿದುಕೊಂಡು ಅಂಕಣ ದಾಟಿ ಹೋಗಿ ದಾರಿಯ ಪಟ್ಟಿಯಲ್ಲಿ ನಿಂತರು. ಆಕಾಶ ನೋಡಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಲೆಕ್ಕ ಹಾಕಿದರು. ಹುಡುಗಿಯರು ತಮ್ಮ ತಮ್ಮ ಮನೆಯವರನ್ನು ಕೈಹಿಡಿದು ಎಳೆಯತೊಡಗಿದರು. ಗೊಣಗುತ್ತಲೇ ಒಂದೊಂದು ಮನೆ ಜಾಗ ಬದಲಿಸಿತು. ಕೊನೆಗೆ ಅಂಕಣದ ನಟ್ಟನಡುವೆ ಉಳಿದವರು ಅಧ್ಯಕ್ಷರೊಬ್ಬರೇ. ಅವರ ಮನೆಯಲ್ಲಿ ಆಡುವ ಹುಡುಗಿ ಇರಲಿಲ್ಲ. ದಾರಿಯಲ್ಲಿ ಅವರಿಗೆ ಬಂದದ್ದು ಕಾರಂಜಿಯ ಮೂಲೆ.

“ಕಾರಂಜಿ ಎಲ್ಲಿಗೆ ಒಯ್ತೀರಿ?” ಎಂದರು.

“ಮಳೆಮರದ ಕೆಳಗೆ ಸರ್.”

“ಎಲೆ ಬಿದ್ದು ಕಟ್ಟಿಕೊಳ್ತತಿ.”

“ಮೇಲೆ ಜಾಲರಿ ಹಾಕ್ಸೋಣ.”

ಸುತ್ತ ನೋಡಿದರು. ಇಷ್ಟು ದೊಡ್ಡ ಬಯಲಲ್ಲಿ ಒಬ್ಬರೇ ನಿಂತಿರುವುದು ಅವರಿಗೆ ಮುಜುಗರವಾಗಿರಬೇಕು. “ಜಾಲರಿ ಸ್ಟೀಲಿಂದು ಇರಬೇಕ್ರೀ ಮತ್ತೆ” ಎಂದು ಪಂಚೆ ಎತ್ತಿಕೊಂಡು ಮೂಲೆಗೆ ನಡೆದರು. ಅವರು ಗೆರೆ ದಾಟುವುದನ್ನೇ ಕಾಯುತ್ತಿದ್ದ ಹುಡುಗಿಯರು ಸುಣ್ಣವನ್ನೆಲ್ಲ ತುಳಿದು ಅಳಿಸಿ ಆಟ ಶುರು ಮಾಡಿದರು. ವಾಲಿಬಾಲ್ ಹುಡುಗರಿಗೆ ಮಾತ್ರ ನನ್ನ ಮೇಲೆ ಮುನಿಸು ಉಳಿಯಿತು. ಕೆಸರು ನಿಲ್ಲದಂತೆ ವಾಟ ಕೊಟ್ಟಿದ್ದೇನೆ ಎಂದರೂ ನಂಬಲಿಲ್ಲ.

ಕೆಲಸ ಶುರುವಾದ ಮೇಲೂ ನೆಮ್ಮದಿಯಿರಲಿಲ್ಲ. ಜೋಳ ಬಳಿಯಲು ನೆಲ ನುಣುಪಾಗಿರಬೇಕು, ನಡೆಯುವವರು ಜಾರದಿರಲು ಒರಟಾಗಿರಬೇಕು. ಹೊರಗಿನ ಅಗಲಕ್ಕೆ ನುಣುಪು, ಒಳಗಿನ ಅಂಚಿಗೆ ಒರಟು ಎಂದು ಗೆರೆ ಹಾಕಿಕೊಟ್ಟು ಸೊರಬಕ್ಕೆ ಬಂದಿದ್ದೆ. ಕೆಲಸದವರು ಎಲ್ಲ ಕಡೆ ಮಾಡುವ ರೂಢಿಯಂತೆ ಹಸಿ ಕಾಂಕ್ರೀಟಿನ ಮೇಲೆ ಪೂರ್ತಿ ಪೊರಕೆ ಎಳೆದುಬಿಟ್ಟರು. ಒಣಗಿದ ಮೇಲೆ ಅಜ್ಜಿ ಅಂಗೈ ಆಡಿಸಿ ನೋಡಿ ಮೊಮ್ಮಗಳ ಕೈಯಲ್ಲಿ ನನಗೆ ಫೋನ್ ಮಾಡಿಸಿದರು. ಆ ಭಾಗಕ್ಕೆ ಮತ್ತೆ ಗಾರೆ ಮಾಡಿಸಬೇಕಾಯಿತು. ಅಂಚಿನ ಕಟ್ಟೆಯಲ್ಲಿ ನೀರು ಹೋಗಲು ಬಿಟ್ಟ ಕಿಂಡಿಗಳಿಂದ ಜೋಳ ಸೋರದಂತೆ ಜಾಲರಿ ಕೂರಿಸಿದೆವು. ಅಂಕಣಕ್ಕೆ ಜರಡಿ ಹಿಡಿದ ಕೆಂಪುಮಣ್ಣು ಹರವಿ, ನೀರು ಹಾಕಿ, ರೋಲರ್ ಎಳೆದು, ಮತ್ತೆ ನೀರು ಹಾಕಿ, ಮಳೆಗೆ ಮುಂಚೆ ಮುಗಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿ ಹೋಗಿತ್ತು. ಕಾರಂಜಿ ಉದ್ಘಾಟನೆಯ ದಿನ ಚಿಮ್ಮಿತು. ಅಧ್ಯಕ್ಷರು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

ಮುಂದಿನ ಜೋಳದ ಕಾಲಕ್ಕೆ, ಯಾರೂ ಕರೆಯದಿದ್ದರೂ, ನೋಡದೆ ಇರಲಾಗದೆ ಹೋದೆ. ಅಂದು ರಜೆಯ ದಿನ, ಹೊರಗಿನ ತಂಡದ ಜೊತೆ ಪಂದ್ಯ, ಹಾಗಾಗಿ ಹಗಲಲ್ಲೇ ಆಟ ನಡೆದಿತ್ತು. ಮೂರು ಬದಿಯ ದಾರಿಯ ತುಂಬ ಜೋಳ. ಜೋಳದ ಅಂಚಿನಲ್ಲಿ ಅದನ್ನು ಕಾಯುತ್ತ ಕುಳಿತ ಹೆಂಗಸರು. ಇಷ್ಟು ವರ್ಷ ಅವರು ತಮ್ಮ ತಮ್ಮ ಮನೆಯ ಮುಂದೆ ರಸ್ತೆಗೆ ಮುಖ ಮಾಡಿ ಕೂತು ಕಾಯುತ್ತಿದ್ದರು. ಈಗ ಯಾವ ಕಡೆ ಕೂತರೂ ಎದುರಿಗೆ ಅಂಕಣ. ಮಕ್ಕಳ ಆಟಕ್ಕೆ ಇಷ್ಟು ಜನ ನೋಡುವವರು ಸಿಗುತ್ತಾರೆಂದು ನಾನು ಎಣಿಸಿರಲಿಲ್ಲ, ನಕ್ಷೆಯಲ್ಲಿ ಅದಕ್ಕೆ ಒಂದು ಬೆಂಚನ್ನೂ ಹಾಕಿರಲಿಲ್ಲ. ಗೇಟಿನ ಹತ್ತಿರವೇ ನಿಂತುಬಿಟ್ಟೆ.

ಎದುರಾಳಿ ತಂಡದವಳು ನಾಯಕಿಯನ್ನು ಬೆನ್ನಟ್ಟಿದ್ದಳು. ನಾಯಕಿ ತಪ್ಪಿಸಿಕೊಳ್ಳಲು ಮಣ್ಣಿಗೆ ಬಿದ್ದು ಉರುಳಿ ಎದ್ದಳು. ಅಟ್ಟಿಬರುತ್ತಿದ್ದವಳು ಕಂಬದ ತನಕ ಹೋಗದೆ ನಡುದಾರಿಯಲ್ಲೇ ಹಿಂದಕ್ಕೆ ತಿರುಗಿ ಅವಳನ್ನು ಮುಟ್ಟಿದಳು. ರೆಫರಿ ಔಟ್ ಎಂದು ಸೀಟಿ ಊದಿದರು. ಪಡುವಣದ ಪಟ್ಟಿಯಿಂದ ಅಜ್ಜಿ ಎದ್ದು ನಿಂತರು.

“ಏ ಮೇಷ್ಟ್ರೇ! ಕಂಬ ಮುಟ್ಟದೆ ತಿರುಗ್ಯಾಳೆ ಅವಳು! ಫೌಲ್ ಕೊಡ್ರಿ, ಫೌಲ್!”

ಜೋಳದ ಹೊರೆ ತಂದವರು ಗೇಟು ಹಾಕದೆ ಹೋಗಿದ್ದರು. ಒಳಗೆ ಬಂದ ಹಸುವೊಂದು ಅಜ್ಜಿಯ ಬೆನ್ನ ಹಿಂದೆ ಅವರದೇ ಜೋಳಕ್ಕೆ ಬಾಯಿ ಹಾಕಿ ನೆಮ್ಮದಿಯಿಂದ ಮೇಯುತ್ತಿತ್ತು. ಅಜ್ಜಿ ಕೈ ಬೀಸುತ್ತ ಅಂಕಣದ ಕಡೆಗೇ ಎರಡು ಹೆಜ್ಜೆ ಮುಂದೆ ಹೋದರು. ನಾನು ಬ್ಯಾಗು ಕೆಳಗಿಟ್ಟು ಹಸುವನ್ನು ಅಟ್ಟಲು ಓಡಿದೆ.